ಎರಡು ಕೆಂಪಿನ ಸೀರೆ

“ಅಜ್ಜಾರ, ನಾ ಇನ್ನ ಊರಿಗೆ ಹೋಗೂದಿಲ್ಲ. ಇಲ್ಲೇ ಇರ್ಲೇನ್ರಿ?”

ಶ್ರಾವಣ ಮುಗಿದ ಮರುದಿನ ಬೆಳಗ್ಗೆ ಶಿವಪುತ್ರ ಗುರುಗಳನ್ನು ಹೀಗೆ ಕೇಳಿದ. ಅವನು ಬಡಿಗ. ಅವನೂ ಅವನ ಅಣ್ಣನೂ ಊರಿನ ಮನೆಯ ಪಡಸಾಲೆಯಲ್ಲೇ ಬಾಗಿಲು, ಕಿಟಕಿ, ಮಂಚ ಮಾಡಿ ಬದುಕುತ್ತಿದ್ದರು. ಒಂದು ತಿಂಗಳು ಸೇವೆ ಮಾಡಲೆಂದು ಮಠಕ್ಕೆ ಬಂದವನು, ಗ್ರಂಥಗಳನ್ನು ಇಡಲು ಸಾಗುವಾನಿಯ ಒಂದು ಕಪಾಟು ಮಾಡಿಕೊಟ್ಟಿದ್ದ. ಬಂದ ಭಕ್ತರೆಲ್ಲ ಅದನ್ನು ಮುಟ್ಟಿ ನೋಡಿ ಹೊಗಳಿ ಹೋಗಿದ್ದರು.

“ಯಾಕ?” ಎಂದರು ಗುರುಗಳು.

“ಇಲ್ಲಿ ಕುಂತ್ರ ಎಲ್ಲಾ ತಿಳಿಯಾಗಿ ಕಾಣತೈತ್ರಿ. ನನ್ನ ಕೆಲಸ ನನಗ ಹಿಡಸತೈತಿ. ಅಣ್ಣನ ಮ್ಯಾಲಿನ ಸಿಟ್ಟೂ ಇಲ್ಲ. ಊರಿಗೆ ಹೋಗಿ ಅವನ ಮುಂದ ಕುಂತ್ನೆಂದ್ರ ಮುಗೀತು. ಏನ್ ಮಾಡಿದ್ರೂ ಕೈ ಆಡಿಸಿ ನೋಡ್ತಾನ. ಸಂದು ಬಿಟ್ಟೈತಿ ಅಂತಾನ, ಸೊಟ್ಟ ಐತಿ ಅಂತಾನ. ಹದಿನೆಂಟ ವರ್ಷ ಆತು ಇದನ್ನ ಕೇಳ್ಕೋತ. ಬೆಳಕ ಇಲ್ಲಿ ಐತಿ. ಇದನ್ನ ಬಿಟ್ಟ ಆ ಕತ್ತಲಿಗೆ ಯಾಕ ಹೋಗ್ಲಿ?”

“ಬೆಳಕ ಇಲ್ಲಿ ಐತಿ ಅಂತ ಹ್ಯಾಂಗ ಗೊತ್ತಾತು?”

ಶಿವಪುತ್ರ, ಇದು ಕೇಳುವ ಪ್ರಶ್ನೆಯೇ ಎಂಬಂತೆ ಗುರುಗಳ ಮುಖ ನೋಡಿದ.

“ಕುಂಡ್ರು,” ಎಂದರು ಗುರುಗಳು. ಕಪಾಟಿನ ಬಾಗಿಲಿಗೆ ಸಿಕ್ಕಿಸಿದ್ದ ಕಾಗದದ ಮಡಿಕೆಯೊಂದನ್ನು ಬೆರಳಿನಿಂದ ಒಳಕ್ಕೆ ಒತ್ತಿ ಬಂದು ತಾವೂ ಅವನೆದುರು ಕೂತರು. ಶಿವಪುತ್ರನ ಗಮನ ಅತ್ತ ಇರಲಿಲ್ಲ. ಗುರುಗಳು ಕತೆ ಹೇಳಲು ತೊಡಗಿದರು. ಕತೆಗೆ ಕೂತರೆ ಅವರ ಮಾತು ತಾನಾಗಿ ಪುಸ್ತಕದ ಮಾತಾಗುತ್ತಿತ್ತು.

ಒಬ್ಬ ನೇಕಾರನಿದ್ದ. ಅವನ ಹೆಸರು ಬೇಡ. ಅವನು ಈಗಲೂ ಸೋಮವಾರ ಮಠಕ್ಕೆ ಬರುತ್ತಾನೆ; ನೀನು ಅವನ ಮುಖ ನೋಡಿ ನಗುವುದು ನನಗೆ ಇಷ್ಟವಿಲ್ಲ.

ಅವನು ಇಪ್ಪತ್ತು ವರ್ಷ ಬೇರೊಬ್ಬರ ಮಗ್ಗದಲ್ಲಿ ಕೂಲಿಗೆ ನೇಯ್ದ. ಅಲ್ಲಿ ಅವನ ಮಗ್ಗ ದೊಡ್ಡ ಕಿಟಕಿಯ ಪಕ್ಕದಲ್ಲಿತ್ತು. ಬೆಳಗಾದರೆ ಬೆಳಕು ತಾನೇ ಬಂದು ಅವನ ತೊಡೆಯ ಮೇಲೆ ಕೂರುತ್ತಿತ್ತು. ಹೀಗಾಗಿ ಬೆಳಕನ್ನೂ ಒಂದು ಸಾಮಾನಿನಂತೆ ಆರಿಸಿ ತರಬೇಕಾಗುತ್ತದೆ ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ, ಸಾಕು ಇನ್ನೊಬ್ಬರ ಕೆಲಸ ಎಂದು, ತನ್ನದೇ ಒಂದು ಮಗ್ಗ ಮಾಡಿಸಿ ಮನೆಯಲ್ಲಿ ಹೂಡಿದ.

ನೀನು ಬಡಿಗ, ನಿನ್ನ ಪೀಠವನ್ನು ಎಳೆದುಕೊಂಡು ಎಲ್ಲಿ ಬೇಕಾದರೂ ಕೂರುತ್ತೀ. ನೇಕಾರನಿಗೆ ಆ ಭಾಗ್ಯವಿಲ್ಲ. ಅವನ ಮಗ್ಗಕ್ಕೆ ನೆಲದಲ್ಲಿ ಕುಣಿ ತೋಡಬೇಕು. ಕುಣಿಯ ಅಂಚಿನಲ್ಲಿ ಕೂತು, ಕಾಲನ್ನು ಅದರೊಳಗೆ ಇಳಿಬಿಟ್ಟು ಮೆಟ್ಟುತ್ತಾ ಅವನು ನೇಯುತ್ತಾನೆ. ಬಿಸಿಲು, ಒಣ ಗಾಳಿ ತಗುಲಿದರೆ ಎಳೆ ಪಟಪಟನೆ ಹರಿಯುತ್ತದೆ. ಆದ್ದರಿಂದ ನಮ್ಮ ನೇಕಾರ ಮನೆಯ ನಡುವಿನ ತಂಪಾದ ಕೋಣೆಯಲ್ಲಿ ಕುಣಿ ತೋಡಿದ. ಎಳೆಗೆ ಅದು ಒಳ್ಳೆಯ ಜಾಗ, ಕಣ್ಣಿಗೆ ಕೆಟ್ಟ ಜಾಗ. ಆ ಕೋಣೆಯ ಎರಡು ಬದಿಗೂ ನೆರೆಮನೆಯವರ ಗೋಡೆ. ಒಂದು ಕಿಟಕಿಯೂ ಇಲ್ಲ. ನಡುಹಗಲಲ್ಲೂ ದೀಪ ಹಾಕದೆ ಅಲ್ಲಿ ಕೂರುವಂತಿರಲಿಲ್ಲ. ಕುಣಿಯನ್ನು ಎತ್ತಿಕೊಂಡು ಬೆಳಕಿನ ಬಳಿಗೆ ಹೋಗಲಾಗದು. ಬೆಳಕೇ ಕುಣಿಯ ಬಳಿಗೆ ಬರಬೇಕು.

ಮೊದಲು ಮನೆಯಲ್ಲಿದ್ದ ಹಳೆಯ ಹಳದಿ ಬಲ್ಬಿನ ಕೆಳಗೆ ಬಿಳಿ ಟವೆಲು, ಬಿಳಿ ಪಂಚೆ ನೇಯ್ದ. ಬಿಳಿಗೆ ಬಿಳಿ ಹೊಂದಿಸಲು ದೊಡ್ಡ ಬೆಳಕೇನೂ ಬೇಕಾಗಲಿಲ್ಲ.

ಆಮೇಲೆ ಒಂದು ದಿನ ಹೂ ಮಾರುವ ಹೆಂಗಸೊಬ್ಬಳು ಅವನ ಮನೆಗೆ ಬಂದಳು. ಅವಳಿಗೆ ಒಬ್ಬಳೇ ಮಗಳು. ಆ ಮಗಳ ಮದುವೆಗೆ ಒಂದು ತಿಂಗಳಿತ್ತು. ಗಂಡ ತೀರಿಹೋದ ಮೇಲೆ ಬುಟ್ಟಿ ಹೊತ್ತು ಮಗಳನ್ನು ಬೆಳೆಸಿದವಳು. ಧಾರೆಯ ಹೊತ್ತಿಗೆ ಮಗಳು ಯಾವ ಸೀರೆ ಉಡಬೇಕೆಂದು ಎಷ್ಟೋ ವರ್ಷದಿಂದ ಮನಸ್ಸಿನಲ್ಲಿ ನೇಯ್ದು ಇಟ್ಟುಕೊಂಡಿದ್ದಳು. ಬುಟ್ಟಿಯಿಂದ ಒಂದು ದಾಳಿಂಬೆ ಹೂ ತೆಗೆದು ನೇಕಾರನ ಕೈಗೆ ಕೊಟ್ಟಳು. ಈ ಬಣ್ಣ ಬೇಕು ಎಂದಳು.

ನೇಕಾರನಿಗೆ ಆ ದಿನ ಊಟ ಸೇರಲಿಲ್ಲ. ಸಂತೋಷಕ್ಕೂ ಸೇರಲಿಲ್ಲ, ಭಯಕ್ಕೂ ಸೇರಲಿಲ್ಲ. ಅವನ ಸ್ವಂತ ಮಗ್ಗದ ಮೊದಲ ಸೀರೆ ಅದು. ಹೂವಿನವಳು ದಿನಕ್ಕೆ ನೂರು ಮನೆಯ ಬಾಗಿಲು ತಟ್ಟುವವಳು. ಸೀರೆ ಚೆನ್ನಾದರೆ ನೂರು ಮನೆಗೆ ಗೊತ್ತಾಗುತ್ತದೆ. ಕೆಟ್ಟರೂ ನೂರು ಮನೆಗೆ ಗೊತ್ತಾಗುತ್ತದೆ. ಆಗ ಮಗ್ಗ ಬಿಚ್ಚಿಟ್ಟು ಮತ್ತೆ ಹಳೆಯ ಕಿಟಕಿಯ ಪಕ್ಕಕ್ಕೆ ಕೂಲಿಗೆ ಹೋಗಬೇಕು. ಹೋದರೂ ಹೋದಾನು. ಆದರೆ ಆ ಹೆಂಗಸಿನ ಮಗಳಿಗೆ ಮದುವೆ ಎರಡು ಸಲ ಆಗುವುದಿಲ್ಲ.

ಅವನು ಹೂವನ್ನು ತೆಗೆದುಕೊಂಡು ಬಣ್ಣಗಾರನ ಬಳಿಗೆ ಹೋದ. ಬಣ್ಣಗಾರನ ಹಂಡೆ ಚಿಕ್ಕದು. ಎರಡು ಸೀರೆಗೆ ಆಗುವಷ್ಟು ಹಾಸಿನ ನೂಲು, ಅಂದರೆ ಮಗ್ಗದ ಉದ್ದಕ್ಕೆ ಕಟ್ಟುವ ನೂಲು, ಮೊದಲ ದಿನ ಹಂಡೆಗೆ ಹೋಯಿತು. ಅಡ್ಡಕ್ಕೆ ಹೊಡೆಯುವ ಹೊಕ್ಕಿನ ನೂಲಿನಲ್ಲಿ ಅರ್ಧ ಮಾತ್ರ ಅದರ ಜೊತೆಗೆ ಹಿಡಿಯಿತು. ಉಳಿದ ಅರ್ಧವನ್ನು ನಾಲ್ಕು ದಿನ ಬಿಟ್ಟು ಅದ್ದಿದ. ಎರಡು ಸಲವೂ ಗೂಡಿನಲ್ಲಿಟ್ಟ ಅದೇ ಹೂವನ್ನು ನೋಡಿ ಬಣ್ಣ ಕೂಡಿಸಿದ. ಪ್ರಾಮಾಣಿಕ ಮನುಷ್ಯ. ಹೂ ಮಾತ್ರ ಆ ನಾಲ್ಕು ದಿನದಲ್ಲಿ ಬಾಡಿತ್ತು.

ಇತ್ತ ನೇಕಾರ ದೀಪ ಕೊಳ್ಳಲು ಪೇಟೆಗೆ ಹೋದ. ಬಣ್ಣದ ಸೀರೆಗೆ ಹಳದಿ ಬಲ್ಬು ಸಾಲದು ಎಂಬಷ್ಟು ಬುದ್ಧಿ ಅವನಿಗಿತ್ತು. ಅಂಗಡಿಯಲ್ಲಿ ಹಗಲಲ್ಲೂ ನಲವತ್ತು ದೀಪ ಉರಿಯುತ್ತಿದ್ದವು. ಉದ್ದದವು, ದುಂಡನೆಯವು, ಬೆಳ್ಳಗಿನವು, ನೀಲಿ ಹೊಡೆಯುವವು. ದೀಪ ಕೊಳ್ಳಲು ಹೋದವನು ಅಲ್ಲಿ ನಿಂತು ದೀಪವನ್ನೇ ನೋಡಿದ. ನಾವೆಲ್ಲ ಮಾಡುವ ತಪ್ಪು ಇದು. ಯಾವುದನ್ನು ನೋಡಿದರೆ ಕಣ್ಣು ಹೆಚ್ಚು ಕೋರೈಸುತ್ತದೋ ಅದೇ ಹೆಚ್ಚು ಬೆಳಕು ಕೊಡುತ್ತದೆಂದು ತಿಳಿದು, ಎಲ್ಲಕ್ಕಿಂತ ದೊಡ್ಡದನ್ನು, ಎಲ್ಲಕ್ಕಿಂತ ದುಬಾರಿಯಾದದ್ದನ್ನು ಕೊಂಡು ತಂದ. ಒಂದು ವಾರದ ನೇಯ್ಗೆಯ ಗಳಿಕೆ ಅದಕ್ಕೆ ಹೋಯಿತು.

ಅದನ್ನು ಮಗ್ಗದ ಮೇಲೆ ತೂಗುಹಾಕಿದ ದಿನ ಓಣಿಯವರೆಲ್ಲ ನೋಡಲು ಬಂದರು. ಅದರ ಕೆಳಗೆ ಕೈ ಒರೆಸುವ ಬಟ್ಟೆ ಕೂಡ ಹಬ್ಬದ ಬಟ್ಟೆಯಂತೆ ಕಂಡಿತು. ನೇಕಾರ ಎರಡು ದಿನ ಬರೀ ದೀಪದ ಗುಣಗಾನ ಮಾಡಿದ.

ಅವನ ಹೆಂಡತಿ ದಿನವೂ ಮುಂಬಾಗಿಲ ಕಟ್ಟೆಯ ಮೇಲೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಅಡ್ಡ ನೂಲನ್ನು ಹೊತ್ತು ಆಚೀಚೆ ಓಡುವ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ಅರ್ಧ ಸೀರೆ ಆದ ಮೇಲೆ, ಬಣ್ಣಗಾರ ಎರಡನೆಯ ಸಲ ಅದ್ದಿದ ನೂಲಿನ ಲಡಿಯನ್ನು ಬಿಚ್ಚಿದಳು. ಬಿಸಿಲಲ್ಲಿ ನೋಡಿದಳು. ಹಳೆಯ ಕಂಡಿಕೆಯ ಪಕ್ಕದಲ್ಲಿಟ್ಟು ಇನ್ನೊಮ್ಮೆ ನೋಡಿದಳು. ಆಮೇಲೆ ಒಳಗೆ ಬಂದಳು.

“ನೋಡ್ರಿ ಇಲ್ಲೆ, ಈ ಲಡಿ ಬ್ಯಾರೆ ಐತಿ,” ಎಂದಳು.

“ಬ್ಯಾರೆ ಎಲ್ಲಿ ಐತಿ? ತಾ ಇಲ್ಲೆ, ದೀಪದ ಬುಡಕ ಹಿಡಿ. ನೋಡೀಗ. ಎರಡೂ ಒಂದ.”

ಅವಳು ದೀಪದ ಕೆಳಗೆ ಹಿಡಿದಳು. ನಿಜವಾಗಿಯೂ ಎರಡೂ ಒಂದೇ ಆಗಿ ಕಂಡವು. ಅವಳಿಗೇ ಅನುಮಾನ ಬಂತು. ತನ್ನ ಕಣ್ಣೇ ಮಂದವಾಯಿತೇನೋ ಎಂದುಕೊಂಡು ಹೊರಗೆ ಹೋಗಿ ಕಂಡಿಕೆ ಸುತ್ತಿದಳು.

ಶಿವಪುತ್ರ, ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಆ ನೇಕಾರನ ಮೇಲೆ ಸಿಟ್ಟು ಬರುತ್ತದೆ. ಕಟ್ಟೆ ಇದ್ದದ್ದು ಹತ್ತು ಹೆಜ್ಜೆ ದೂರದಲ್ಲಿ. ನೂಲನ್ನು ಅವನು ಬಿಸಿಲಿಗೆ ಒಯ್ದು ನೋಡಬೇಕಿತ್ತು. ಅವನೋ, ಹೆಂಡತಿ ಬಿಸಿಲಲ್ಲಿ ಕಂಡದ್ದನ್ನು ದೀಪಕ್ಕೆ ತೋರಿಸಿ ತೀರ್ಪು ಕೇಳಿದ. ದೀಪಕ್ಕೆ ಕೊಟ್ಟ ಹಣ ಅವನ ಕಣ್ಣಿಗೆ ಅಡ್ಡ ಬಂದಿತ್ತು ಎಂದು ಅವನೇ ನನ್ನ ಮುಂದೆ ಒಪ್ಪಿಕೊಂಡಿದ್ದಾನೆ. ಹೆಂಡತಿಯ ಕಣ್ಣಿಗೆ ಅವನು ಯಾವತ್ತೂ ಹಣ ಕೊಟ್ಟಿರಲಿಲ್ಲವಲ್ಲ.

ಸೀರೆ ಮುಗಿಯಿತು. ಮದುವೆಗೆ ಹದಿನಾಲ್ಕು ದಿನ ಇರುವಾಗ ಹೂವಿನವಳು ಬೆಳಗಿನ ಬುಟ್ಟಿ ಹೊತ್ತು ಬಂದಳು. ನೇಕಾರ ಅವಳನ್ನು ಒಳಗೆ ಕರೆದ. ಅವಳು ಬರಲಿಲ್ಲ. ಹೂವನ್ನು ನಾನು ಒಳಗೆ ಕೂತು ಮಾರುತ್ತೇನೇನು ಎಂದು ನಗುತ್ತಾ ಸೀರೆಯನ್ನು ಕಟ್ಟೆಯ ಮೇಲೆ, ಬಿಸಿಲಲ್ಲಿ ಬಿಚ್ಚಿದಳು. ಅರ್ಧದವರೆಗೆ ದಾಳಿಂಬೆ ಹೂವಿನ ಕೆಂಪು. ಅಲ್ಲಿಂದ ಮುಂದೆ ಕಂದು ಬೆರೆತ ಕೆಂಪು, ಒಣಗಿದ ಹೂವಿನದು. ನಡುವೆ ಅಳತೆ ಪಟ್ಟಿ ಇಟ್ಟು ಎಳೆದಂತೆ ಒಂದು ಗೆರೆ.

ಓಣಿಯ ನಾಲ್ಕಾರು ಹೆಂಗಸರು ನೀರಿನ ಕೊಡ ಹಿಡಿದುಕೊಂಡು ನಿಂತುಬಿಟ್ಟರು.

ಹೂವಿನವಳು ಬಯ್ಯಲಿಲ್ಲ. ಬೆರಳಿನಿಂದ ಆ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. “ಒಂದ ಸೀರಿ ಹೇಳಿದ್ನೆಪಾ ನಾ,” ಎಂದಳು. “ನೀ ಎರಡ ನೇಯ್ದೀಯಲ್ಲ.”

ನೇಕಾರನಿಗೆ ನೆಲ ಬಾಯಿ ತೆರೆಯಬಾರದೇ ಎನ್ನಿಸಿತು. ಹದಿನಾಲ್ಕು ದಿನದಲ್ಲಿ ಇನ್ನೊಂದನ್ನು ನೇಯ್ದು ಕೊಡುತ್ತೇನೆ ಎಂದ. ಅವಳು ಬುಟ್ಟಿಯಿಂದ ಇನ್ನೊಂದು ದಾಳಿಂಬೆ ಹೂ ತೆಗೆದು ಕಟ್ಟೆಯ ಮೇಲಿಟ್ಟು ಹೋದಳು. ಪೇಟೆಯ ಅಂಗಡಿಯಲ್ಲಿ ಸಿದ್ಧ ಸೀರೆ ಕೊಳ್ಳಲು ಅವಳಿಗೆ ಏನೂ ಅಡ್ಡಿ ಇರಲಿಲ್ಲ. ಆದರೂ ಹೂವನ್ನು ಇಟ್ಟು ಹೋದಳು. ನೇಕಾರನ ಹೆಂಡತಿ ಅದನ್ನು ನೀರಿನ ಬಟ್ಟಲಲ್ಲಿ ಹಾಕಿದಳು.

ಒಂದು ಸೀರೆಗೆ ಎಂಟು ದಿನ ಬೇಕು. ಅಂದರೆ ಕೈಯಲ್ಲಿ ಆರು ದಿನ ಹೆಚ್ಚಿಗೆ ಇತ್ತು. ತಲೆ ಸರಿ ಇದ್ದವನು ಆ ಹೊತ್ತೇ ಕೆಲಸಕ್ಕೆ ಕೂರುತ್ತಿದ್ದ. ನೇಕಾರ ಮೊದಲ ದಿನವನ್ನು ಬಣ್ಣಗಾರನ ಜೊತೆ ಜಗಳಕ್ಕೆ ಕೊಟ್ಟ. ಬಣ್ಣಗಾರ ಗೂಡಿನಿಂದ ಒಣಗಿದ ಹೂವನ್ನು ತೆಗೆದು ತೋರಿಸಿದ ಮೇಲೆ ಬಾಯಿ ಮುಚ್ಚಿಕೊಂಡು ಬಂದ. ಆಮೇಲೆ ದೀಪದ ಮೇಲೆ ಸಿಟ್ಟಾದ. ದುಬಾರಿ ದೀಪವೆಲ್ಲ ಮೋಸ ಎಂದು, ಸಂತೆಯಲ್ಲಿ ನೆಲದ ಮೇಲೆ ಹರಡಿ ಮಾರುವವನಿಂದ ಎಲ್ಲಕ್ಕಿಂತ ಅಗ್ಗದ ದೀಪ ತಂದ. ಅದು ಒಂದೇ ಸಮನೆ ನಡುಗುತ್ತಿತ್ತು. ಅದರ ಕೆಳಗೆ ಒಂದು ಲಾಳಿ ಮೂರಾಗಿ ಕಾಣುತ್ತಿತ್ತು. ಉಳಿದ ನೂಲಿನಿಂದ ಗೇಣುದ್ದ ನೇಯ್ದು ನೋಡುವಷ್ಟರಲ್ಲಿ ತಲೆಶೂಲೆ ಬಂತು, ಹಾಸಿನ ಎಳೆ ಎಷ್ಟೋ ಹರಿದವು. ಬೀದಿಯ ಹಿಟ್ಟಿನ ಗಿರಣಿ ಸಂಜೆ ಶುರುವಾದ ಕೂಡಲೇ ಕರೆಂಟು ಏರಿಳಿದು, ಆ ದೀಪ ಒಮ್ಮೆ ಕಣ್ಣು ಮಿಟುಕಿಸಿ ಶಾಶ್ವತವಾಗಿ ಕಣ್ಣು ಮುಚ್ಚಿತು. ಹೀಗೆ ನಾಲ್ಕು ದಿನ ಹೋದವು. ಹೆಚ್ಚಿಗೆ ಉಳಿದದ್ದು ಎರಡೇ ದಿನ.

ಐದನೆಯ ದಿನ ಬೆಳಗ್ಗೆ ಅವನು ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ. ಹೆಂಡತಿ ಎರಡು ಬಣ್ಣದ ಸೀರೆಯನ್ನು ಮಡಿಸಿ ಚೀಲದಲ್ಲಿ ಹಾಕಿ ಅವನ ತೊಡೆಯ ಮೇಲಿಟ್ಟಳು. ನೂಲು ಅದ್ದಿಸುವುದನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಇದನ್ನು ಹಿಡಿದುಕೊಂಡು ದೀಪದ ಅಂಗಡಿಗೆ ಹೋಗಿ ಎಂದಳು. ಈ ಸಲ ದೀಪದ ಕಡೆ ನೋಡಬೇಡಿ, ಸೀರೆಯ ಕಡೆ ನೋಡಿ ಎಂದಳು. ಕೆಟ್ಟ ಸೀರೆಯನ್ನು ಪೇಟೆಗೆ ಒಯ್ದು ನಾಲ್ಕು ಜನರ ಮುಂದೆ ಬಿಚ್ಚುವುದೆಂದರೆ ನೇಕಾರನಿಗೆ ಸಾವಿಗಿಂತ ಹೆಚ್ಚು. ಬೇರೆ ದಿನವಾಗಿದ್ದರೆ ಹೋಗುತ್ತಿರಲಿಲ್ಲ. ಆ ದಿನ ಹೋದ.

ಅಂಗಡಿಯವನು ಒಳ್ಳೆಯವನು. ಎದುರಿಗಿದ್ದ ಮಾಲು ಮಾರಬೇಕೆನ್ನುವುದು ಬಿಟ್ಟರೆ ಅವನಿಗೆ ಬೇರೆ ದೋಷವಿರಲಿಲ್ಲ. ನೇಕಾರ ಕೇಳಿದಂತೆ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಸೀರೆ ಹರಡಲು ಬಿಟ್ಟ. ಒಂದೊಂದಾಗಿ ದೀಪ ಹಚ್ಚಿ ತೋರಿಸಿದ. ನೇಕಾರ ತಲೆ ಎತ್ತಲಿಲ್ಲ. ಸೀರೆಯ ನಡುವಿನ ಗೆರೆಯ ಮೇಲೆ ಕಣ್ಣಿಟ್ಟು ಕೂತ. ಮನೆಯಲ್ಲಿದ್ದಂಥ ದೊಡ್ಡ ದೀಪ ಬಂತು. ಸೀರೆ ಝಗಝಗಿಸಿತು, ಗೆರೆ ಮಾಯವಾಯಿತು. ನೀಲಿ ಹೊಡೆಯುವುದು ಬಂತು. ಎರಡೂ ಕೆಂಪು ಒಂದೇ ಸಮ ಕಪ್ಪಾದವು. ಹಳದಿಯದು ಬಂತು, ಎರಡೂ ಒಂದೇ ಸಮ ಇಟ್ಟಿಗೆಯಾದವು. ಹೀಗೆ ಹತ್ತು ಹನ್ನೆರಡು ದೀಪವಾದ ಮೇಲೆ, ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಒಂದು ಸಾಧಾರಣ ದೀಪವನ್ನು ಅಂಗಡಿಯವನು ಹಚ್ಚಿದ. ಗೆರೆ ಎದ್ದು ನಿಂತಿತು. ಕಟ್ಟೆಯ ಬಿಸಿಲಲ್ಲಿ ಹೇಗೆ ಕಂಡಿತ್ತೋ ಹಾಗೆಯೇ, ನಾಚಿಕೆಗೇಡಾಗಿ, ಸ್ಪಷ್ಟವಾಗಿ ಕಂಡಿತು.

ಅಂಗಡಿಯವನಿಗೆ ಪಿಚ್ಚೆನಿಸಿತು. “ಇದರಾಗ ನಿಮ್ಮ ಸೀರಿ ಚಂದ ಕಾಣವಲ್ದಲ್ರಿ. ಮತ್ತ ಆ ದೊಡ್ಡದ ಹಚ್ಚಲೇನು?” ಎಂದ.

“ಸೀರಿ ಚಂದ ಇಲ್ಲ ಬಿಡ್ರಿ,” ಎಂದ ನೇಕಾರ. “ಇಷ್ಟು ದೀಪದಾಗ ಅದನ್ನ ಬಾಯಿಬಿಟ್ಟ ಹೇಳಿದ್ದು ಇದ ಒಂದ. ಇದನ್ನ ಕೊಡ್ರಿ.”

ಆದರೆ ಕೂಡಲೇ ಕೊಳ್ಳಲಿಲ್ಲ. ಅಷ್ಟು ಬುದ್ಧಿ ಕಲಿತಿದ್ದ. ಅಂಗಡಿಯ ಎದುರಿಗೂ ಒಂದು ಗಿರಣಿ ಇತ್ತು. ಅದು ಶುರುವಾಗುವವರೆಗೆ ದೀಪ ಉರಿಯಲಿ, ನಾನು ಕೂತು ನೋಡುತ್ತೇನೆ ಎಂದ. ಅಂಗಡಿಯವನು ನಕ್ಕು ಚಹಾ ತರಿಸಿದ. ಸಂಜೆ ಗಿರಣಿ ಶುರುವಾಯಿತು. ಅಂಗಡಿಯ ತುಂಬ ದೀಪಗಳು ಒಮ್ಮೆ ಬೆಚ್ಚಿದವು. ಧೂಳು ಹಿಡಿದ ದೀಪ ಬೆಚ್ಚಲಿಲ್ಲ. ಅದರ ಬೆಲೆ ಸಂತೆಯ ದೀಪಕ್ಕಿಂತ ಹೆಚ್ಚು, ದೊಡ್ಡ ದೀಪಕ್ಕಿಂತ ಬಹಳ ಕಡಿಮೆ. ನೇಕಾರ ಎರಡು ಕೊಂಡ. ಒಂದನ್ನು ಮಗ್ಗದ ಎಡಕ್ಕೆ, ಒಂದನ್ನು ಬಲಕ್ಕೆ ತೂಗುಹಾಕಿದ. ತಲೆಯ ಮೇಲೆ ಒಂದೇ ದೀಪವಿದ್ದರೆ ಬಗ್ಗಿದ ಕೂಡಲೇ ಅವನ ನೆರಳೇ ನೇಯ್ಗೆಯ ಮೇಲೆ ಬೀಳುತ್ತಿತ್ತು. ಈಗ ಆ ಕಾಟವೂ ಹೋಯಿತು.

ಹೂ ನೀರಿನ ಬಟ್ಟಲಲ್ಲಿ ಇನ್ನೂ ತಾಜಾ ಇತ್ತು. ಬಣ್ಣಗಾರ ತನ್ನ ಚಿಕ್ಕ ಹಂಡೆಯಲ್ಲೇ ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ನೂಲು ಅದ್ದಿಕೊಟ್ಟಿದ್ದ. ಎಂಟು ದಿನ ಉಳಿದಿತ್ತು. ನೇಕಾರ ನೇಯಲು ಕೂತ.

ಕತೆ ಇಲ್ಲಿಗೆ ಮುಗಿಯಿತೆಂದು ನೀನು ಏಳಬೇಡ. ನೇಯಲು ಕೂತ ಐದನೆಯ ದಿನ ಹೊಸ ದೀಪ ಇನ್ನೊಂದು ತಪ್ಪು ತೋರಿಸಿತು. ಮಧ್ಯಾಹ್ನ ಅದ್ದಿದ ನೂಲಿನ ಮೊದಲ ಕಂಡಿಕೆಯನ್ನು ಲಾಳಿಗೆ ಹಾಕಿದ್ದಷ್ಟೇ. ನಾಲ್ಕು ಎಳೆ ಹೊಡೆದಿದ್ದ. ಕೈ ನಿಲ್ಲಿಸಿದ. ಕೆಂಪು ಒಂದು ಕೂದಲೆಳೆಯಷ್ಟು ಕಂದಿತ್ತು. ದೊಡ್ಡ ದೀಪದ ಕೆಳಗಾಗಿದ್ದರೆ ಅದು ಅವನಿಗೆ ಕಾಣುತ್ತಲೇ ಇರಲಿಲ್ಲ. ಸುಖವಾಗಿ ಹಾಡಿಕೊಂಡು ನೇಯ್ದು ಮುಗಿಸುತ್ತಿದ್ದ. ಅವನು ಕುಣಿಯಿಂದ ಎದ್ದ. ಕಂಡಿಕೆಯನ್ನು ಹಿಡಿದುಕೊಂಡು ಹತ್ತು ಹೆಜ್ಜೆ ನಡೆದು ಕಟ್ಟೆಗೆ ಬಂದ. ಹೆಂಡತಿಯ ಮುಂದೆ ಬಿಸಿಲಲ್ಲಿ ಹಿಡಿದ. ಅವಳು ನೋಡಿ, ಹೌದು ಎಂದಳು. ಆ ಮನೆಯಲ್ಲಿ ದೀಪವೂ ಬಿಸಿಲೂ ಹೆಂಡತಿಯೂ ಒಂದೇ ಮಾತು ಹೇಳಿದ್ದು ಅದೇ ಮೊದಲು.

ಮತ್ತೆ ಅದ್ದಿಸಿ ಒಣಗಿಸಿ ಸುತ್ತಲು ದಿನವಿರಲಿಲ್ಲ. ಆದರೆ ಕಂಡ ತಪ್ಪಿಗೆ ಏನಾದರೂ ಮಾಡಬಹುದು. ಕಾಣದ ತಪ್ಪಿಗೆ ಏನು ಮಾಡುತ್ತೀ? ಬೆಳಗ್ಗೆ ಅದ್ದಿದ ನೂಲು, ಮುಂದಿನ ನೇಯ್ಗೆಯ ಅರ್ಧಕ್ಕೆ ಆಗುವಷ್ಟು, ಇನ್ನೂ ಉಳಿದಿತ್ತು. ನೇಕಾರ ನಾಲ್ಕು ಎಳೆಯನ್ನು ಬಿಚ್ಚಿದ. ಎರಡು ಲಾಳಿ ತೆಗೆದುಕೊಂಡ. ಒಂದರಲ್ಲಿ ಬೆಳಗಿನ ಕೆಂಪು, ಇನ್ನೊಂದರ ಒಳಗೆ ಮಧ್ಯಾಹ್ನದ ಕೆಂಪು. ಇದರದೊಂದು ಎಳೆ, ಅದರದೊಂದು ಎಳೆ, ಇದರದೊಂದು, ಅದರದೊಂದು. ಇಪ್ಪತ್ತು ವರ್ಷದ ಕೈ ಅದು, ಬೇಗ ಒಗ್ಗಿಕೊಂಡಿತು. ಗೇಣುದ್ದ ನೇಯ್ದ ಮೇಲೆ ಗಂಡ ಹೆಂಡತಿ ಇಬ್ಬರೂ ಬಗ್ಗಿ ನೋಡಿದರು. ಎರಡು ಕೆಂಪೂ ಕೂಡಿ ಒಂದಾಗಿದ್ದವು. ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತೆಂದು ನೇಯ್ದವನಿಗೇ ಹೇಳಲಾಗುತ್ತಿರಲಿಲ್ಲ. ಸೀರೆಯ ಕೊನೆಯವರೆಗೂ ಅವನು ಹಾಗೆಯೇ ನೇಯ್ದ. ಎರಡು ಲಾಳಿಯ ಕೆಲಸ ನಿಧಾನ. ಆ ಮೂರು ದಿನ ಅವನ ಬೆನ್ನು ಬಿದ್ದುಹೋಯಿತು.

ಮದುವೆಯ ಹಿಂದಿನ ದಿನ ಬೆಳಗ್ಗೆ ಹೂವಿನವಳು ಬಂದಳು. ಅವಳು ಕೇಳುವ ಮೊದಲೇ ನೇಕಾರ ತಾನೇ ಸೀರೆಯನ್ನು ತಂದು ಕಟ್ಟೆಯ ಬಿಸಿಲಲ್ಲಿ ಹರಡಿದ. ಅವಳು ಬುಟ್ಟಿಯಿಂದ ಒಂದು ದಾಳಿಂಬೆ ಹೂ ತೆಗೆದು ಸೀರೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಹೂ ಎಲ್ಲಿದೆಯೆಂದು ಹುಡುಕಬೇಕಾಯಿತು. ಹಸಿರು ತೊಟ್ಟು ಇಲ್ಲದಿದ್ದರೆ ಸಿಕ್ಕುತ್ತಲೇ ಇರಲಿಲ್ಲ.

ಅವಳು ಸೀರೆಯನ್ನು ಎದೆಗೆ ಅವುಚಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ನೇಕಾರನ ಹೆಂಡತಿಯೂ ಅತ್ತಳು. ನೇಕಾರ ಒಳಗೆ ಹೋಗಿ ಅತ್ತ. ಇದನ್ನೂ ಅವನೇ ನನಗೆ ಹೇಳಿದ್ದು.

ಆ ಎರಡು ಕೆಂಪಿನ ಸೀರೆ ಏನಾಯಿತು ಎಂದು ಕೇಳು. ಅವನ ಹೆಂಡತಿ ಅದನ್ನು ಉಟ್ಟುಕೊಂಡೇ ಮದುವೆಯ ಊಟಕ್ಕೆ ಹೋದಳು. ಇಂದಿಗೂ ಉಡುತ್ತಾಳೆ. ಅವರ ಓಣಿಯಲ್ಲಿ ಈಗ ಎಂಟು ಹತ್ತು ಮನೆಗಳಲ್ಲಿ ಮಗ್ಗ ಹೂಡಿದ್ದಾರೆ. ಯಾರಾದರೂ ದೀಪ ಕೊಳ್ಳಲು ಪೇಟೆಗೆ ಹೊರಟರೆ ಮೊದಲು ನೇಕಾರನ ಮನೆಗೆ ಬಂದು ಆ ಸೀರೆಯನ್ನು ಕೇಳಿ ಒಯ್ಯುತ್ತಾರೆ. ಅದನ್ನು ಬಿಚ್ಚಿ ಹಿಡಿದು, ಯಾವ ದೀಪದ ಕೆಳಗೆ ಗೆರೆ ಕಾಣುತ್ತದೋ ಅದನ್ನೇ ತರುತ್ತಾರೆ. ಆ ಹೊತ್ತಿಗೆ ಅವಳು ಅದನ್ನು ಉಟ್ಟಿದ್ದರೆ ಅವಳನ್ನೇ ಕರೆದುಕೊಂಡು ಹೋಗುತ್ತಾರೆ. ಅಂಗಡಿಯವನು ಅವಳನ್ನು ದೂರದಿಂದ ಕಂಡರೆ ಸಾಕು, ದೊಡ್ಡ ದೀಪಗಳನ್ನೆಲ್ಲ ತಾನೇ ಆರಿಸಿಬಿಡುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

ಶಿವಪುತ್ರನ ಮುಖ ಅರಳಿತ್ತು. ಅವನು ಎರಡೂ ಕೈ ಜೋಡಿಸಿದ.

“ತಿಳೀತ್ರಿ ಅಜ್ಜಾರ. ಆ ಧೂಳ ಹಿಡಿದ ದೀಪ ಅಂದ್ರ ನೀವ. ಅದಕ್ಕ ನಾ ನಿಮ್ಮನ್ನ ಬಿಟ್ಟ ಹೋಗೂದಿಲ್ಲ ಅನ್ನೂದು.”

ಗುರುಗಳು ಎದ್ದು ಕಪಾಟಿನ ಬಳಿಗೆ ಹೋದರು. ಬಾಗಿಲಿಗೆ ಸಿಕ್ಕಿಸಿದ್ದ ಕಾಗದದ ಮಡಿಕೆಯನ್ನು ಮೆಲ್ಲಗೆ ಎಳೆದು ತೆಗೆದರು. ಬಾಗಿಲು ತಾನಾಗಿ ತೆರೆದುಕೊಂಡು ಗೋಡೆಗೆ ಹೋಗಿ ನಿಂತಿತು. ಗುರುಗಳು ಅದನ್ನು ಮುಚ್ಚಿ ಕೈ ಬಿಟ್ಟರು. ಅದು ಮತ್ತೆ ತೆರೆದುಕೊಂಡಿತು.

ಶಿವಪುತ್ರ ಎದ್ದು ಬಂದ. ಬಾಗಿಲಿನ ಅಂಚಿನ ಮೇಲೆ, ಸಂದಿನ ಮೇಲೆ, ಮೇಲಿನಿಂದ ಕೆಳಗಿನವರೆಗೆ ಕೈ ಆಡಿಸಿ ನೋಡಿದ. ಅವನ ಅಣ್ಣ ಆಡಿಸುವ ಹಾಗೆಯೇ ಆಡಿಸಿದ. ಕೈ ಒಂದು ಕಡೆ ನಿಂತಿತು.

“ಮೊದಲನೇ ದಿನದಿಂದ ಹಿಂಗ ಐತಿ,” ಎಂದರು ಗುರುಗಳು. “ನಾವ್ ಯಾರೂ ಹೇಳಲಿಲ್ಲ; ನಿಮ್ಮಣ್ಣ ಇದ್ದಿದ್ರ ಹೇಳ್ತಿದ್ದ.”